ಶಂಕ್ರಪ್ಪನ ಸೋಲಾರ್ ಫ್ಯಾನು, ದುರ್ಗವ್ವನ ಶಾವಿಗೆ

ಇನ್ನು ಮೇಲೆ ಈ ಮನೆಯ ಮೇಲೆ ಬೀಳುವ ಬಿಸಿಲಿನಲ್ಲಿ ಒಂದು ಚೂರೂ ಪುಕ್ಕಟೆ ಹೋಗಕೂಡದು ಎಂದು ಶಂಕ್ರಪ್ಪ ಘೋಷಣೆ ಹೊರಡಿಸಿದಾಗ ಅವನ ಹೆಂಡತಿ ದುರ್ಗವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಘೋಷಣೆಗಳೇನೂ ಹೊಸವಲ್ಲ. ಸೊಪ್ಪಿನ ಕಡ್ಡಿಗಳನ್ನು ಬದಿಗೆ ಸರಿಸಿ, ಬಿಸಿಲು ಇಷ್ಟು ದಿನ ಯಾರಪ್ಪನ ಮನೆಗೆ ಹೋಗುತ್ತಿತ್ತೋ ಅಲ್ಲಿಗೇ ಹೋಗಲಿ ಬಿಡಿ ಎಂದಷ್ಟೇ ಹೇಳಿದಳು.

ಶಂಕ್ರಪ್ಪ ಬಿಡುವ ಪೈಕಿಯವನಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಹಸಿ ಹಾಳೆ ಒಣಗಿಸುವ ವಿಭಾಗದಲ್ಲಿ ದುಡಿದು ನಿವೃತ್ತನಾದ ಗಂಡಸು. ಒಣಗಿಸುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ಕಾಳಿ ಹೊಳೆಯ ಈ ದಂಡೆಗೂ ಇಲ್ಲ, ಆ ದಂಡೆಗೂ ಇಲ್ಲ ಎಂಬುದು ಅವನ ನಂಬಿಕೆ. ಮಿಲ್ಲು ಬಿಟ್ಟ ಮೇಲೆ ಒಣಗಿಸಲು ಏನೂ ಸಿಗದೆ ಅವನೇ ಒಣಗತೊಡಗಿದ್ದ. ಪಾಳಿಯ ಭೋಂಗಾ ಕೂಗಿದರೆ ಈಗಲೂ ಎದ್ದು ಕೂರುತ್ತಿದ್ದ. ಎದ್ದು ಎಲ್ಲಿಗೆ ಹೋಗುವುದೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಕೆಲಸವಿಲ್ಲದ ಬಡಗಿ ಏನು ಕೆತ್ತಿದನೆಂಬುದು ಎಲ್ಲರಿಗೂ ತಿಳಿದದ್ದೇ.

ಅಂಥ ಹೊತ್ತಿನಲ್ಲಿ ಒಂದು ದಿನ ಹಳಿಯಾಳದ ಬಸ್ ಸ್ಟ್ಯಾಂಡಿನ ಹೊರಗೆ ಒಂದು ತಳ್ಳುಗಾಡಿ ಅವನ ಕಣ್ಣಿಗೆ ಬಿತ್ತು. ಅಂಗೈಯಗಲದ ಕರಿ ಫಲಕ, ಅದಕ್ಕೆ ಎರಡು ವೈರು, ವೈರಿನ ತುದಿಗೆ ಹೆಬ್ಬೆರಳಿನಷ್ಟು ಮೋಟಾರು, ಮೋಟಾರಿನ ಮೂಗಿಗೆ ಪ್ಲಾಸ್ಟಿಕ್ ಫ್ಯಾನು. ಗಾಡಿಯವನು ಫಲಕವನ್ನು ಬಿಸಿಲಿಗೆ ತಿರುಗಿಸಿದ್ದೇ ತಡ, ಫ್ಯಾನು ಗಿರ್ರನೆ ತಿರುಗಿತು. ಕೈ ಅಡ್ಡ ಹಿಡಿದರೆ ನಿಂತಿತು. ಕೈ ತೆಗೆದರೆ ಮತ್ತೆ ಗಿರ್ರ್. ಶಂಕ್ರಪ್ಪ ಕೈ ಹಿಡಿಯುವುದು, ತೆಗೆಯುವುದು ಮಾಡುತ್ತ ನಿಂತು ದಾಂಡೇಲಿ ಬಸ್ಸು ತಪ್ಪಿಸಿಕೊಂಡ. ಮುಂದಿನ ಬಸ್ಸಿಗೆ ಹತ್ತಿದಾಗ ಅವನ ಕೈಯಲ್ಲಿ ಒಂದು ಚೀಲ ಇತ್ತು. ಚೀಲದ ತುಂಬ ಸೂರ್ಯನ ಮರಿಗಳು.

ಮೊದಲ ಪ್ರಯೋಗ ಅವನ ಟೋಪಿಯ ಮೇಲಾಯಿತು. ನೆತ್ತಿಗೆ ಫಲಕ, ಹಣೆಗೆ ಫ್ಯಾನು. ಬಜಾರಿಗೆ ಹೊರಟರೆ ಮುಖಕ್ಕೆ ತಂಪು ಗಾಳಿ. ಆದರೆ ಬೆವರಿ ಬೆಂದು ಆಲದ ಮರದ ನೆರಳಿಗೆ ಹೋಗಿ ನಿಂತರೆ ಫ್ಯಾನು ನಿಂತುಬಿಡುತ್ತಿತ್ತು. ಗಾಳಿ ಬೇಕೆಂದರೆ ಮತ್ತೆ ಬಿಸಿಲಿಗೇ ಬರಬೇಕು. ಹೀಗೆ ತಂಪಾಗುವುದಕ್ಕೋಸ್ಕರ ಬಿಸಿಲಿನಲ್ಲೇ ನಿಂತು ನಿಂತು ಶಂಕ್ರಪ್ಪನ ಮೂಗಿನ ಮೇಲಿನ ಚರ್ಮ ಸುಲಿದುಹೋಯಿತು.

ಆಮೇಲೆ ಅಡುಗೆಮನೆಯ ಕಿಟಕಿ. ಒಗ್ಗರಣೆಯ ಹೊಗೆಯನ್ನು ಹೊರಗೆ ಹಾಕುವ ಫ್ಯಾನು ಕೂಡಿಸಿದ. ವೈರು ಅದಲುಬದಲಾಗಿ ಅದು ತಿರುಗಾಮುರುಗಾ ತಿರುಗಿ, ಹೊರಗಿನ ಧೂಳನ್ನೂ ಒಳಗಿನ ಹೊಗೆಯನ್ನೂ ಸೇರಿಸಿ ದುರ್ಗವ್ವನ ಮುಖಕ್ಕೆ ಊದಿತು. ಒಣಮೆಣಸಿನಕಾಯಿ ಒಗ್ಗರಣೆ ಬೇರೆ. ಓಣಿಯವರು ಆ ಸೀನು ಕೇಳಿ ಯಾರಿಗೋ ದೃಷ್ಟಿ ತೆಗೆಯುತ್ತಿದ್ದಾರೆಂದು ತಿಳಿದರು. ಕಡಗೋಲಿಗೆ ಮೋಟಾರು ಕಟ್ಟಿದ್ದು ಮೂರನೆಯದು. ಮೋಡ ಇದ್ದಾಗ ಅದು ಮೊಸರಿನಲ್ಲಿ ಕಾಲು ಇಳಿಬಿಟ್ಟು ಧ್ಯಾನಕ್ಕೆ ಕೂತಿತು, ಮೋಡ ಸರಿದಾಗ ಒಮ್ಮೆಲೆ ಎಚ್ಚೆತ್ತು ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರಿಗೆ ಮಜ್ಜಿಗೆಯ ಅಭಿಷೇಕ ಮಾಡಿತು. ಮಂಗಗಳನ್ನು ಓಡಿಸಲು ಮಾಳಿಗೆಯ ಮೇಲೆ ತಿರುಗುವ ಸ್ಟೀಲ್ ತಾಟು ನಿಲ್ಲಿಸಿದ. ಮಂಗಗಳು ಬಂಧುಬಳಗ ಸಮೇತ ಬಂದು ಕೂತು ನೋಡಿದವು. ಅದರಲ್ಲೊಂದು ಹೋಗುವಾಗ ತಾಟನ್ನೂ ತೆಗೆದುಕೊಂಡು ಹೋಯಿತು.

ಅಂಬಿಕಾನಗರದ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿರುವ ದುರ್ಗವ್ವನ ತಮ್ಮ ಬಾಳೇಶ ಇದನ್ನೆಲ್ಲ ಕೇಳಿ ಫೋನಿನಲ್ಲೇ ನಕ್ಕ. ನಾವು ಇಡೀ ಕಾಳಿ ಹೊಳೆಯನ್ನೇ ಬಗ್ಗಿಸಿ ಕರೆಂಟು ತೆಗೆಯುತ್ತೇವೆ, ನಿಮ್ಮಿಂದ ಒಂದು ಮಂಗ ಬಗ್ಗಲಿಲ್ಲವಲ್ಲ ಎಂದ. ದುರ್ಗವ್ವ ಮಾತ್ರ ನಗಲಿಲ್ಲ. ಗೋಡೆ ಒರೆಸಿದಳು, ಹೊಸ ತಾಟು ತಂದಳು. ಗಂಡ ಮತ್ತೆ ಬೆಳಗಿನ ಹೊತ್ತು ಏನನ್ನೋ ಗುನುಗುತ್ತ ಸ್ಕ್ರೂ ತಿರುಗಿಸುತ್ತಿದ್ದಾನಲ್ಲ, ಅಷ್ಟೇ ಸಾಕು ಎಂದು ಸುಮ್ಮನಿದ್ದಳು. ಅವಳು ಹಾಗೆ ಸುಮ್ಮನಿರಬಾರದಿತ್ತು ಎಂದು ಈಗ ನಾವು ಹೇಳುವುದು ಸುಲಭ.

ಆ ವರ್ಷ ಯುಗಾದಿಯೂ ರಮಜಾನ್ ಹಬ್ಬವೂ ಬೆನ್ನಿಗೆ ಬೆನ್ನು ಹಚ್ಚಿ ಬಂದಿದ್ದವು. ಅಂದರೆ ಎರಡೂ ಮನೆಗೆ ಒಟ್ಟಿಗೇ ಶಾವಿಗೆ ಬೇಕು. ಎರಡನೆಯ ಮನೆ ಯಾವುದೆಂದರೆ, ಗೋಡೆಗೆ ಗೋಡೆ ಹೊಂದಿಕೊಂಡ, ಮಾಳಿಗೆಯೂ ಒಂದೇ ಆದ ನೂರಜಹಾನಳ ಮನೆ. ಅವಳ ಗಂಡ ಕಾಸಿಂಸಾಬನೂ ಮಿಲ್ಲಿನವನೇ. ದುರ್ಗವ್ವ, ನೂರಜಹಾನ ಇಬ್ಬರೂ ಸೊಸೆಯಂದಿರಾಗಿ ಈ ಓಣಿಗೆ ಬಂದಾಗಿನಿಂದ ಶಾವಿಗೆಯನ್ನು ಕೂಡಿಯೇ ಹೊಸೆದವರು. ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲ್ತುದಿಗೆ ದುರ್ಗವ್ವ. ನಾದಿ ನಾದಿ ಬೆಣ್ಣೆಯಾದ ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಎಳೆ ಇಳಿಬಿಡುವುದು ಅವಳ ಕೆಲಸ. ಕೆಳತುದಿಗೆ ಕೂತು ಆ ಎಳೆಯನ್ನು ಕಡಿಯದಂತೆ ಎಳೆದು ಕೋಲಿಗೆ ಹಾಕುವುದು ನೂರಜಹಾನಳದು. ರೋಜಾ ಉಪವಾಸ ಹಿಡಿದ ದಿನವೂ ಆಕೆ ಆ ಜಾಗ ಬಿಡುತ್ತಿರಲಿಲ್ಲ. ದುರ್ಗವ್ವನ ಎಳೆ ಕೂದಲಿಗಿಂತ ಸಣ್ಣ. ಕೋಲಿನಿಂದ ಇಳಿಬಿದ್ದರೆ ನೆಲ ಮುಟ್ಟುವಷ್ಟು ಉದ್ದ. ಒಂದು ಮನೆಯಲ್ಲಿ ಅದು ಪಾಯಸವಾಗುತ್ತಿತ್ತು, ಇನ್ನೊಂದರಲ್ಲಿ ಹಾಲು, ಖರ್ಜೂರದ ಶೀರ್ ಕುರ್ಮಾ.

ಆದರೆ ಈ ಸಲ ಎರಡು ವಿಶೇಷ ಇದ್ದವು. ನೂರಜಹಾನಳ ಮಗಳು ಜಾಸ್ಮಿನಳನ್ನು ಹಳಿಯಾಳಕ್ಕೆ ಕೊಟ್ಟು ವರ್ಷ ತುಂಬಿರಲಿಲ್ಲ. ಮದುವೆಯಾದ ಮೇಲಿನ ಮೊದಲ ಹಬ್ಬಕ್ಕೆ ತವರಿನಿಂದ ಬೀಗರ ಮನೆಗೆ ಶಾವಿಗೆ ಹೋಗಬೇಕು. ಬೀಗಿತಿಯೋ, ಹುಡುಗಿ ನೋಡಲು ಬಂದಾಗಲೇ ದುರ್ಗವ್ವನ ಶಾವಿಗೆ ತಿಂದು, ಹುಡುಗಿಯನ್ನು ಬಿಟ್ಟು ಶಾವಿಗೆಯನ್ನೇ ಹೊಗಳಿ ಹೋದವಳು. ಎರಡನೆಯದು ದುರ್ಗವ್ವನ ಬಲಗೈ. ಮಣಿಕಟ್ಟಿನ ನೋವಿಗೆ ಎಣ್ಣೆ, ಪಟ್ಟಿ, ಮಾತ್ರೆ ಎಲ್ಲ ಆಗಿ, ಕಡೆಗೆ ಹುಬ್ಬಳ್ಳಿಯ ಡಾಕ್ಟರು ಇನ್ನು ಹೊಸೆಯುವುದು, ಹಿಂಡುವುದು ಬಂದ್ ಎಂದಿದ್ದರು. ಇದೊಂದು ಹಬ್ಬ ಮುಗಿಯಲಿ, ಜಾಸ್ಮಿನಳ ಮನೆಗೆ ಹೋಗುವುದೇ ನನ್ನ ಕೈಯ ಕಡೆಯ ಶಾವಿಗೆ ಎಂದು ದುರ್ಗವ್ವ ಹೇಳಿದ್ದಳು. ಹೇಳುವಾಗ ದನಿಯಲ್ಲಿ ಏನೂ ಇರಲಿಲ್ಲ. ಆದರೆ ಹಲಗೆಯನ್ನು ಆ ದಿನ ಅಷ್ಟು ಹೊತ್ತು ತೊಳೆದದ್ದನ್ನು ಶಂಕ್ರಪ್ಪ ನೋಡಿದ್ದ.

ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ಹೊಸೆದರು. ನಡುನಡುವೆ ದುರ್ಗವ್ವ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಳು. ಎಳೆ ಮಾತ್ರ ಒಂದೂ ದಪ್ಪವಾಗಲಿಲ್ಲ. ಕೋಲುಗಳನ್ನೆಲ್ಲ ಮಾಳಿಗೆಯ ಮೇಲೆ ಹಗ್ಗಕ್ಕೆ ಸಾಲಾಗಿ ತೂಗುಹಾಕಿ, ಮೇಲೆ ಹಳೆಯ ಇಳಕಲ್ ಸೀರೆಯೊಂದನ್ನು ಚಪ್ಪರದಂತೆ ಕಟ್ಟಿದರು. ಮೊದಲ ದಿನ ನೆರಳು, ಮರುದಿನ ಬಿಸಿಲು. ಅದು ಅವರಿಬ್ಬರ ಪದ್ಧತಿ. ನೂರಜಹಾನ ಒಣಗಿದ ಬಾಯಿಯಲ್ಲಿ ಮನೆಗೆ ಹೋಗಿ ಅಡ್ಡಾದಳು. ದುರ್ಗವ್ವ ಕೈಗೆ ಎಣ್ಣೆ ಹಚ್ಚಿಕೊಂಡು ಕೆಳಗೆ ಮಲಗಿದಳು. ಮಲಗುವ ಮೊದಲು ಗಂಡನಿಗೆ ಒಂದು ಮಾತು ಹೇಳಿದಳು.

"ಮಂಗ್ಯಾ ಬರದಂಗ ನೋಡಕೋರಿ. ಮತ್ತೇನೂ ಮಾಡಬ್ಯಾಡ್ರಿ."

ಶಂಕ್ರಪ್ಪನಿಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತ. ಜೋಯಿಡಾದ ಕಾಡಿನ ಕಡೆ ಒಂದು ತುಂಡು ಮೋಡ ಕಂಡಿತು. ಮೋಡವೇನೂ ಇವನನ್ನು ನೋಡಿರಲಿಲ್ಲ, ಇವನು ಅದನ್ನು ನೋಡಿದ. ಮಳೆ ಬಂದುಬಿಟ್ಟರೆ? ಹೆಂಡತಿಯ ಕಡೆಯ ಶಾವಿಗೆ ತೊಯ್ದುಹೋದರೆ? ಅವಳು ನಾಳೆ ಮತ್ತೆ ಆ ನೋವಿನ ಕೈಯಲ್ಲಿ ಕೋಲು ಎತ್ತಿ ಇಳಿಸಬೇಕೇ? ಅವಳು ಎದ್ದು ಬರುವಷ್ಟರಲ್ಲಿ ಎಲ್ಲವೂ ಒಣಗಿ ಸಿದ್ಧವಾಗಿದ್ದರೆ ಹೇಗೆ? ನಿಜ ಹೇಳಬೇಕೆಂದರೆ ಅವನ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಪ್ರೀತಿಯ ಪಕ್ಕದಲ್ಲಿ ಆ ಚೀಲವೂ ಇತ್ತು, ಅದೇ ಬಂದ ತೊಂದರೆ.

ಮಾಳಿಗೆಯ ಕಟ್ಟೆಯ ಉದ್ದಕ್ಕೂ ಫ್ಯಾನುಗಳ ಪಡೆ ಸಜ್ಜಾಯಿತು. ಒಂದೊಂದು ಕೋಲಿಗೂ ಒಂದೊಂದು ಫ್ಯಾನು, ಉಳಿದವು ಮೀಸಲು ದಳ. ಆದರೆ ಯಾವುದೂ ತಿರುಗಲಿಲ್ಲ. ಫಲಕಗಳ ಮೇಲೆ ಇಳಕಲ್ ಸೀರೆಯ ನೆರಳು ಬಿದ್ದಿತ್ತು. ಫಲಕಗಳನ್ನು ಆಚೆ ಒಯ್ಯೋಣವೆಂದರೆ ವೈರು ಮೊಳದುದ್ದ. ಶಂಕ್ರಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಸೀರೆಯನ್ನೇ ಬಿಚ್ಚಿದ.

ಅಬ್ಬಾ, ಏನು ತಿರುಗಿದವು. ಮೇಲಿಂದ ಮಾರ್ಚ್ ತಿಂಗಳ ಬಿಸಿಲು, ಪಕ್ಕದಿಂದ ಗಾಳಿ. ಎಳೆಗಳು ಅಲೆಅಲೆಯಾಗಿ ತೂಗಾಡಿದವು. ಶಂಕ್ರಪ್ಪ ಕೈ ಹಿಂದೆ ಕಟ್ಟಿಕೊಂಡು ಸಾಲಿನ ನಡುವೆ ಅಡ್ಡಾಡಿದ. ಮಿಲ್ಲು ಬಿಟ್ಟ ಮೇಲೆ ಅವನು ಹಾಗೆ ನಡೆದದ್ದು ಅದೇ ಮೊದಲು. ನೋಡನೋಡುತ್ತ ಶಾವಿಗೆಯ ಬಣ್ಣ ತಿಳಿಯಾಯಿತು. ಮುಟ್ಟಿದರೆ ತಂತಿಯಂತೆ ಬಿರುಸು. ಗೆದ್ದೆ ಎಂದುಕೊಂಡ.

ಆಗ ಚಟ್ ಎಂದು ಒಂದು ಸದ್ದಾಯಿತು. ಮೋಟಾರಿನದಿರಬೇಕು ಎಂದುಕೊಂಡ. ಮತ್ತೆ ಚಟ್. ಆಮೇಲೆ ಚಟಚಟ. ಬಗ್ಗಿ ನೋಡಿದರೆ ಮೊದಲ ಕೋಲಿನ ಎಳೆಗಳು ನಡುವಿನಿಂದ ಮುರಿದು ನೆಲಕ್ಕೆ ಬೀಳುತ್ತಿದ್ದವು. ಹೊರಮೈ ಒಣಗಿ ಬಿಗಿದು, ಒಳಗೆ ಇನ್ನೂ ಹಸಿ ಉಳಿದು ಎಳೆ ಸೀಳುತ್ತಿತ್ತು. ಇದು ಶಂಕ್ರಪ್ಪನಿಗೆ ಗೊತ್ತಿತ್ತು. ಮಿಲ್ಲಿಗೆ ಹೊಸದಾಗಿ ಸೇರಿದ ಪ್ರತಿಯೊಬ್ಬ ಹುಡುಗನಿಗೂ ಅವನೇ ಕಲಿಸಿದ ಪಾಠ ಇದು. ಹಾಳೆ ಒಣಗಿಸುವ ಉರುಳೆಗಳಲ್ಲಿ ಮೊದಲ ಸಿಲಿಂಡರು ಉಗುರುಬೆಚ್ಚಗಿರಲಿ, ಹಸಿ ಹಾಳೆಯನ್ನು ಹೆದರಿಸಬೇಡಿ, ಹೆದರಿದ ಹಾಳೆ ಕಡಿಯುತ್ತದೆ. ಹೆಂಡತಿಯ ಸೀರೆಯ ನೆರಳು ಆ ಉಗುರುಬೆಚ್ಚಗಿನ ಸಿಲಿಂಡರೇ ಆಗಿತ್ತು. ಅದನ್ನು ಬಿಚ್ಚಿ ಎಸೆದದ್ದು ಅವನದೇ ಕೈ.

ಬಂದ್ ಮಾಡಲು ಓಡಿದ. ಬಂದ್ ಮಾಡುವುದಾದರೂ ಎಲ್ಲಿ? ಆ ಫ್ಯಾನುಗಳಿಗೆ ಗುಂಡಿಯೇ ಇಲ್ಲ. ಬಿಸಿಲಿದ್ದರೆ ತಿರುಗುತ್ತವೆ, ಇಲ್ಲದಿದ್ದರೆ ಇಲ್ಲ. ಸೂರ್ಯನಿಗೂ ಗುಂಡಿ ಇಲ್ಲ. ಎರಡು ಕೈ ಅಡ್ಡ ಹಿಡಿದ, ಎರಡು ನಿಂತವು. ಅಂಗಿ ಬಿಚ್ಚಿ ಒಂದರ ಮೇಲೆ ಹಾಕಿದ, ಬನಿಯನ್ ಇನ್ನೊಂದರ ಮೇಲೆ, ಟವೆಲ್ಲು ಮತ್ತೊಂದರ ಮೇಲೆ. ಮುಂದೆ ಬಿಚ್ಚಲು ಉಳಿದದ್ದು ಓಣಿಯ ಮಾನ ಮಾತ್ರ. ವೈರು ಕಿತ್ತೊಗೆಯಬಹುದಿತ್ತು, ಆದರೆ ಆ ಬುದ್ಧಿ ಬಂದದ್ದು ಮರುದಿನ. ಕಡೆಗೆ ಇಳಕಲ್ ಸೀರೆಯನ್ನೇ ಎತ್ತಿ ಎಲ್ಲದರ ಮೇಲೂ ಒಮ್ಮೆಗೇ ಬೀಸಿದ. ಸೀರೆಯ ಸೆರಗು ಕೋಲಿಗೆ ಸಿಕ್ಕಿತು. ಎಳೆದ. ಕೋಲಿನ ಹಿಂದೆ ಹಗ್ಗ ಬಂತು, ಹಗ್ಗದ ಹಿಂದೆ ಉಳಿದ ಕೋಲುಗಳೆಲ್ಲ ಬಂದವು. ಗಾಜಿನ ಬಳೆಗಳ ಬುಟ್ಟಿ ಬಿದ್ದಂತೆ ಸದ್ದಾಯಿತು.

ಆಮೇಲೆ ಬಹಳ ಶಾಂತವಾಗಿತ್ತು. ಸೀರೆಯ ಕೆಳಗೆ ಫ್ಯಾನುಗಳು ನಿಂತಿದ್ದವು.

ಸದ್ದು ಕೇಳಿ ದುರ್ಗವ್ವ ಮೇಲೆ ಬಂದಳು. ಅರೆಬೆತ್ತಲೆ ಗಂಡನನ್ನು ನೋಡಿದಳು, ನೆಲ ನೋಡಿದಳು. ಕೂತು, ಎಣ್ಣೆ ಹಚ್ಚಿದ ಕೈಯಿಂದ ಒಂದು ಹಿಡಿ ಎತ್ತಿದಳು. ಉದ್ದನೆಯದೆಂದರೆ ಬೆರಳಿನಷ್ಟು. ಉಳಿದದ್ದು ರವೆ. ಬೈದಿದ್ದರೆ ಶಂಕ್ರಪ್ಪ ಬದುಕಿಕೊಳ್ಳುತ್ತಿದ್ದ.

"ಮಿಲ್ಲಿನಾಗ ಹಾಳಿ ಕಡಕೊಂಡ್ರ ಏನ್ ಮಾಡ್ತಿದ್ರಿ?" ಎಂದು ಕೇಳಿದಳು.

"ಚೂರೆಲ್ಲಾ ಬಳದು ಮತ್ತ ಕರಗಾಕ ಹಾಕ್ತಿದ್ವಿ. ಹೊಸಾ ಹಾಳಿ ಬರ್ತಿತ್ತು."

"ಇದಕ್ಕ ಹಂಗಿಲ್ಲ," ಎಂದು ದುರ್ಗವ್ವ ಮೊರ ತರಲು ಕೆಳಗೆ ಹೋದಳು.

ಸಂಜೆ ರೋಜಾ ಬಿಟ್ಟ ಮೇಲೆ ನೂರಜಹಾನ ಬಂದಳು. ಅಳಲಿಲ್ಲ, ಬೈಯಲಿಲ್ಲ. ಭಾಯಿಸಾಬರು ಬೇಕೆಂದು ಮಾಡಿದ್ದಲ್ಲ ಬಿಡಿ, ಚೂರಾದರೂ ರುಚಿ ಅದೇ ಇರುತ್ತದೆ, ಇದು ನಮ್ಮಿಬ್ಬರ ಮನೆಗಾಯಿತು ಎಂದಳು. ಬೀಗರ ಮನೆಗೆ ಮಾತ್ರ ಚೂರು ಕಳಿಸಲು ಬರುವುದಿಲ್ಲ. ಹೊಸ ಸೊಸೆಯ ತವರಿನಿಂದ ಮುರುಕು ಹೋದರೆ ನಾಲ್ಕು ಜನ ನಾಲ್ಕು ಮಾತು ಕಟ್ಟುತ್ತಾರೆ. ಹಿಟ್ಟು ಮತ್ತೆ ನಾದಲು ಹೊತ್ತಿಲ್ಲ, ದುರ್ಗವ್ವನ ಮಣಿಕಟ್ಟು ಆಗಲೇ ಬಾತು ಕೂತಿತ್ತು. ಬಜಾರಿನಿಂದ ಯಂತ್ರದ ಶಾವಿಗೆಯ ಪ್ಯಾಕೆಟ್ಟುಗಳು ಬಂದವು. ದುರ್ಗವ್ವನೇ ಅವನ್ನು ಒಡೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಪ್ರತಿ ಸಲದಂತೆ ಬುಟ್ಟಿಯಲ್ಲಿಟ್ಟು ಗಂಟು ಹಾಕಿದಳು. ಒಯ್ದು ಮುಟ್ಟಿಸುವ ಶಿಕ್ಷೆ ಶಂಕ್ರಪ್ಪನ ಪಾಲಿಗೆ ಬಂತು. ಅವನೇ ಕೇಳಿ ಪಡೆದುಕೊಂಡದ್ದು.

ಹಳಿಯಾಳದಲ್ಲಿ ಬೀಗಿತಿ ಗಂಟು ಬಿಚ್ಚಿದಳು. ಕೈಯಲ್ಲಿ ಹಿಡಿದು ಬೆಳಕಿಗೆ ತೋರಿಸಿದಳು. ಮನೆಯವರನ್ನೆಲ್ಲ ಕರೆದಳು.

"ನೋಡ್ರಿ, ಇದು ದುರ್ಗವ್ವಾರ ಕೈ. ಹಿಂದಿನಕ್ಕಿಂತ ಈ ಸಲ ಭಾಳ ಛಲೋ ಆಗ್ಯಾವು. ಎಲ್ಲಾ ಒಂದ ಸಮ ಅದಾವ."

ಜಾಸ್ಮಿನ ಬಾಗಿಲ ಹತ್ತಿರ ನಿಂತಿದ್ದಳು. ಹುಟ್ಟಿದಾಗಿನಿಂದ ಆ ಮಾಳಿಗೆಯ ಮೇಲೆ ಕೋಲುಗಳ ಕೆಳಗೆ ಆಡಿ ಬೆಳೆದವಳು. ಒಂದೇ ಸಮ ಇರುವ ಶಾವಿಗೆ ಯಾರ ಕೈಯದೂ ಅಲ್ಲವೆಂದು ಅವಳಿಗೆ ಗೊತ್ತಾಗದಿರುತ್ತದೆಯೇ? ಶಂಕ್ರಪ್ಪನ ಮುಖ ನೋಡಿದಳು, ಚಹಾ ತರಲು ಒಳಗೆ ಹೋದಳು. ಶಂಕ್ರಪ್ಪ ಆ ಚಹಾ ಹೇಗೆ ಕುಡಿದನೋ ದೇವರೇ ಬಲ್ಲ. ಹೌದೆನ್ನಲು ನಾಚಿಕೆ, ಅಲ್ಲವೆಂದರೆ ಹುಡುಗಿಯ ಮಾನ. ತಲೆಯಾಡಿಸಿದ. ಆ ತಲೆಯಾಡಿಸುವಿಕೆ ಹೌದೆಂದೋ ಅಲ್ಲವೆಂದೋ ಯಾರಿಗೂ ತಿಳಿಯದಂತೆ ನೋಡಿಕೊಂಡ. ಬಸ್ ಸ್ಟ್ಯಾಂಡಿನ ಹೊರಗೆ ಆ ತಳ್ಳುಗಾಡಿ ಇನ್ನೂ ನಿಂತಿತ್ತು. ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದ.

ಬೀಗಿತಿ ಏನಂದಳೆಂದು ದುರ್ಗವ್ವ ಕೇಳಿದಾಗ ಸುಳ್ಳು ಹೇಳಬೇಕೆಂದುಕೊಂಡಿದ್ದ. ಆಗಲಿಲ್ಲ. ಇದ್ದದ್ದು ಇದ್ದಂತೆ ಹೇಳಿದ. ದುರ್ಗವ್ವ ಕೇಳಿ ಸ್ವಲ್ಪ ನಕ್ಕಳು. ಆ ನಗೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಹತ್ತಿತು. ಒಂದು ಜನ್ಮದ ಕೈಗೆಲಸವನ್ನು ಪ್ಯಾಕೆಟ್ಟು ಮೀರಿಸಿತೆಂಬ ಸರ್ಟಿಫಿಕೇಟನ್ನು ಅವನೇ ಹೊತ್ತು ತಂದು ಹೆಂಡತಿಗೆ ಕೊಟ್ಟ ಹಾಗಾಯಿತು. ಯುಗಾದಿಯ ದಿನ ಮುರುಕು ಶಾವಿಗೆಯ ಪಾಯಸ ಉಂಡ. ರಮಜಾನ್ ಹಬ್ಬದ ದಿನ ನೂರಜಹಾನ ಕಳಿಸಿದ ಮುರುಕು ಶೀರ್ ಕುರ್ಮಾ ಕುಡಿದ. ರುಚಿ ಅದೇ ಇತ್ತು. ಅದೇ ಇದ್ದದ್ದಕ್ಕೇ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಹಬ್ಬಗಳು ಮುಗಿದು, ಬಾವು ಇಳಿದ ಮೇಲೆ ಒಂದು ಬೆಳಿಗ್ಗೆ ದುರ್ಗವ್ವ ಹಲಗೆಯನ್ನು ಮತ್ತೆ ಹೊರಗೆ ತೆಗೆದಳು. ನೂರಜಹಾನ ಹಿಟ್ಟು ನಾದಿ ತಂದಿದ್ದಳು. ಶಂಕ್ರಪ್ಪನಿಗೆ ಗಾಬರಿಯಾಯಿತು.

"ಡಾಕ್ಟರು ಬ್ಯಾಡ ಅಂದಾರಲ್ಲ. ಕಡೀ ಸಲ ಅಂತ ನೀನ ಅಂದಿದ್ದಿ."

"ಅಂದಿದ್ನಿ," ಎಂದಳು ದುರ್ಗವ್ವ. "ನನ್ನ ಹೆಸರಿನ ಕಡೀ ಶಾವಿಗಿ ಪ್ಯಾಕೇಟಿಂದು ಆಗಬಾರದು. ಕೆಳಗ ಕುಂದರ್ರಿ, ಎಳಿ ಹಿಡೀರಿ."

ಕೂತ. ಹಿಡಿದ. ಅವನು ಎಳೆದ ಎಳೆ ಒಮ್ಮೆ ಕಡಿಯುತ್ತಿತ್ತು, ಒಮ್ಮೆ ಜೋತುಬೀಳುತ್ತಿತ್ತು. ನೂರಜಹಾನ ಪಕ್ಕದಲ್ಲಿ ಕೂತು ಮೆಲ್ಲಗೆ, ಇನ್ನೂ ಮೆಲ್ಲಗೆ ಎನ್ನುತ್ತಿದ್ದಳು. ಮೇಲಿನಿಂದ ಬರುವ ಎಳೆಯೂ ಮೊದಲಿನಂತಿರಲಿಲ್ಲ. ದುರ್ಗವ್ವನ ಕೈ ನಡುಗುತ್ತಿತ್ತು, ಎಳೆ ಒಂದು ಕಡೆ ಸಣ್ಣ, ಒಂದು ಕಡೆ ಕಸೂತಿ ದಾರದಷ್ಟು ದಪ್ಪ. ಕೂದಲೆಳೆಯಂಥ ಶಾವಿಗೆ ಈ ಮನೆಯಲ್ಲಿ ಆದದ್ದು ಫ್ಯಾನು ಹಚ್ಚಿದ ಆ ದಿನವೇ ಕಡೆ, ಅದನ್ನು ತಾನು ಮೊರಕ್ಕೆ ಹಾಕಿದೆ ಎಂಬುದು ಶಂಕ್ರಪ್ಪನಿಗೆ ಆಗ ಪೂರ್ತಿ ತಿಳಿಯಿತು. ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳಲು ಕೈ ಬಿಟ್ಟರೆ ಎಳೆ ಕಡಿಯುತ್ತದೆಂದು ಹಾಗೇ ಕೂತ.

ಕೋಲುಗಳು ಮಾಳಿಗೆಗೆ ಏರಿದವು. ಇಳಕಲ್ ಸೀರೆ ಮತ್ತೆ ಚಪ್ಪರವಾಯಿತು. ಶಾವಿಗೆಗೆ ನೆರಳು, ಶಂಕ್ರಪ್ಪನಿಗೆ ಬಿಸಿಲು. ಹೊರಗೆ ನೆಲದ ಮೇಲೆ ಕೂತು, ತಲೆಗೆ ವಸ್ತ್ರ ಸುತ್ತಿ, ಮಂಗ, ಕಾಗೆ ಬಂದಾಗಲೆಲ್ಲ ಟವೆಲ್ಲನ್ನು ಗರಗರ ತಿರುಗಿಸುವುದು ಅವನಿಗೆ ಹಚ್ಚಿದ ಕೆಲಸ. ಕೆಳಗೆ ಹೋಗುವಾಗ ನೂರಜಹಾನ ಮೆಟ್ಟಿಲ ಮೇಲೆ ನಿಂತು, ಭಾಯಿಸಾಬರ ಆ ಸೋಲಾರ್ ಸಾಮಾನೆಲ್ಲ ಎಲ್ಲಿ ಹೋದವು ಎಂದು ಕೇಳಿದಳು.

ದುರ್ಗವ್ವ ಒಮ್ಮೆ ಹಿಂದೆ ತಿರುಗಿ ಗಂಡನನ್ನು ನೋಡಿದಳು.

"ಅವೆಲ್ಲಾ ಯಾಕ ಬೇಕು? ಇದೊಂದ ಸಾಕು. ಬಿಸಿಲಾಗ ಇಟ್ರ ಸಂಜೀತನಕ ತಾನ ತಿರಗತೈತಿ. ಬಂದ್ ಮಾಡೂ ಗುಂಡಿ ಇದಕ್ಕೂ ಇಲ್ಲ, ಅದಷ್ಟ ತ್ರಾಸು."

ಶಂಕ್ರಪ್ಪನಿಗೆ ಕೇಳಿಸಿತು. ಟವೆಲ್ಲಿನ ಗಾಳಿ ಎಳೆಗಳಿಗೆ ತಾಗೀತೆಂದು ಇನ್ನೂ ಸ್ವಲ್ಪ ಆಚೆ, ಬಿಸಿಲು ಹೆಚ್ಚಿದ್ದ ಕಡೆಗೆ ಸರಿದು ಕೂತ.